ನಕ್ಷತ್ರದ ಹಿಂದಿನ ಖಾಲಿ ಜಾಗ

ಪ್ರಶ್ನೆ: ಮೊಳಕಾಲ್ಮೂರು ಸೀರೆಯ ಬುಟ್ಟಾ, ಅಂಚುಗಳ ಸಾವಿರಾರು ಹಳೆಯ ಡಿಸೈನ್ ಫೈಲುಗಳು ನಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ತುಂಬಿವೆ. ಕಮಾಂಡ್ ಕೊಟ್ಟು ಒಟ್ಟಿಗೆ ಅಳಿಸಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ಧಾರಾಳವಾಗಿ. ಆದರೆ ಯುನಿಕ್ಸ್ ವಂಶದ 'ಆರ್‌ಎಂ' ಕಮಾಂಡಿಗೆ ಕಸದ ಬುಟ್ಟಿ ಗೊತ್ತಿಲ್ಲ; ಹೋದದ್ದು ಹೋಯಿತು. ನಕ್ಷತ್ರ ಚಿಹ್ನೆಯ ಹಿಂದೆ ತಪ್ಪಿ ಒಂದು ಸ್ಪೇಸ್ ಬಿದ್ದರೆ 'ಹಳೆ*' ಎಂಬುದು 'ಹಳೆ *' ಆಗಿ, ಆ ಫೋಲ್ಡರಿನ ಫೈಲುಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಯಾರೋ ಕೊಟ್ಟ ಆರ್‌ಎಂ ಕಮಾಂಡು 'ಟಾಯ್ ಸ್ಟೋರಿ 2' ಚಿತ್ರದ ಬಹುಭಾಗವನ್ನು ನುಂಗಿತ್ತು. ಬ್ಯಾಕಪ್ಪೂ ಕೈಕೊಟ್ಟಿತು. ಕಾಪಾಡಿದ್ದು, ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಸಿಬ್ಬಂದಿಯೊಬ್ಬರ ಬಳಿಯಿದ್ದ ಪ್ರತಿ!

ನಾನಾದರೆ 'ಫೈಂಡ್' ಕಮಾಂಡ್ ಬಳಸುತ್ತೇನೆ. ಮೊದಲು ಪಟ್ಟಿ ಮಾತ್ರ ತೆಗೆಸಿ ಕಣ್ಣಾಡಿಸಿ. ಸರಿಯೆನಿಸಿದರೆ ಅದೇ ಸಾಲಿನ ಕೊನೆಗೆ '-ಡಿಲೀಟ್' ಸೇರಿಸಿ. ಕೊನೆಗೇ! '-ನೇಮ್' ಷರತ್ತಿಗಿಂತ ಮುಂಚೆ ಬಂದರೆ ಹೆಸರು ನೋಡದೆ ಎಲ್ಲವನ್ನೂ ಗುಡಿಸಿಹಾಕುತ್ತದೆ. 'ಕೆಂಪು ಅಂಚು' ಎಂದು ಜಾಗ ಬಿಟ್ಟು ಇಟ್ಟ ಹೆಸರುಗಳೂ ಇದಕ್ಕೆ ತೊಡಕಲ್ಲ. ಆದರೆ ಪಟ್ಟಿಯನ್ನು ಸುಮ್ಮನೆ 'ಎಕ್ಸ್‌ಆರ್ಗ್ಸ್' ಕಮಾಂಡಿಗೆ ದಾಟಿಸಿದರೆ ಅದು ಅಂಥ ಹೆಸರನ್ನು ಎರಡು ಫೈಲೆಂದೇ ತಿಳಿಯುತ್ತದೆ. ಇನ್ನೂ ಅಳುಕಿದ್ದರೆ ಅಳಿಸುವ ಬದಲು ಹೊರಗಿನ ಡಿಸ್ಕಿಗೆ ಸಾಗಿಸಿ, ಮದುವೆ ಸೀಸನ್ ಮುಗಿಯುವ ತನಕ ಇಟ್ಟುಕೊಳ್ಳಿ. ಹಳೇ ಅಂಚೇ ಬೇಕೆನ್ನುವ ಗಿರಾಕಿ ಯಾವಾಗ ಬರುತ್ತಾರೋ ಹೇಳಲಾಗದು.