ಫ್ಯೂಸು ಯಾರನ್ನು ಕಾಯುತ್ತದೆ?

ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿದ್ದು 1902ರಲ್ಲಿ. ಇಂದು ನಮ್ಮ ಜಂಗಮಕೋಟೆಯ ರೇಷ್ಮೆ ಹುಳುಮನೆಗಳಲ್ಲಿಯೂ ವಿದ್ಯುದ್ದೀಪವಿದೆ. ಆದರೂ ಫ್ಯೂಸು ಸುಟ್ಟಾಗ ದಪ್ಪ ತಂತಿ ಸುತ್ತಿ, “ಇನ್ನು ಹೋಗೋದಿಲ್ಲ ಬಿಡಪ್ಪ” ಎನ್ನುವವರು ಉಂಟು. ಅಂಥವರ ಮುಂದೆ ನಾನು ಮಾಡಿ ತೋರಿಸುವ ಪ್ರಯೋಗ ಬಲು ಸುಲಭ.

ಟಾರ್ಚಿನ ಎರಡು ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿ, ಅವುಗಳಿಂದ ಬಂದ ಎರಡು ತಂತಿಗಳ ತುದಿಗಳ ನಡುವೆ, ಹೆಂಚಿನ ಚೂರಿನ ಮೇಲೆ, ಕೂದಲೆಳೆಯಂಥ ಉಕ್ಕಿನ ನಾರೊಂದನ್ನು ಇಡಬೇಕು. ಅದು ಕೆಂಪಗೆ ಕಾದು ಕಡಿದುಹೋಗುತ್ತದೆ. ಅದೇ ಫ್ಯೂಸು. ಅದರ ಸ್ಥಳದಲ್ಲಿ ದಪ್ಪ ತಾಮ್ರದ ತಂತಿಯಿಟ್ಟರೆ ಕಡಿಯದು; ಸೆಲ್ಲೇ ಬಿಸಿಯೇರುತ್ತದೆ, ಕೂಡಲೇ ಬಿಡಿಸಬೇಕು. ಮನೆಯಲ್ಲಾದರೆ ಬಿಸಿಯೇರುವುದು ಗೋಡೆಯೊಳಗಿನ ತಂತಿ. (230 ವೋಲ್ಟಿನಲ್ಲಿ ಈ ಆಟ ಸಲ್ಲದು!)

ಆದರೆ ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮೈಯಲ್ಲಿ ಹರಿದರೆ ಪ್ರಾಣ ತೆಗೆಯಬಲ್ಲ ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು, 5 ಆಂಪಿಯರಿನ ಫ್ಯೂಸಿಗೆ ಲೆಕ್ಕಕ್ಕೇ ಬಾರದು. ಒದ್ದೆ ಗೋಣಿತಟ್ಟು ಕಟ್ಟಿ, ಚಳಿಗೆ ಹೀಟರ್ ಇಡುವ ಹುಳುಮನೆಯಲ್ಲಿ ಬರಿಗಾಲಿನವರನ್ನು ಕಾಯುವುದು ಅರ್ಥ್ ತಂತಿ. ಜೊತೆಗೆ, 30 ಮಿಲಿಆಂಪಿಯರ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಮೂರು ಕಡ್ಡಿಯ ಪ್ಲಗ್ಗೊಂದನ್ನು ಕೈಯಲ್ಲಿ ಹಿಡಿದು ನೋಡಿ: ಅರ್ಥಿನ ಕಡ್ಡಿ ಉಳಿದೆರಡಕ್ಕಿಂತ ಉದ್ದ. ಒಳಹೋಗುವಾಗ ಮೊದಲು ಮುಟ್ಟಲೆಂದು, ಹೊರಬರುವಾಗ ಕೊನೆಗೆ ಬಿಡಲೆಂದು.