ಗುಜರಿ ಲಾರಿಯ ಹಿಂದಿನ ಆಕ್ಸಲ್: ಕೊಳ್ಳುವ ಮುನ್ನ

ಟ್ರ್ಯಾಕ್ಟರಿನ ಟ್ರೇಲರಿಗೆಂದು ಗುಜರಿ ಲಾರಿಯ ಹಿಂದಿನ ಆಕ್ಸಲ್ ಕೊಳ್ಳಲು ಹೊರಟಿದ್ದೀರಾ? ಹೊಸ ಬಣ್ಣಕ್ಕೆ ಮರುಳಾಗದೆ ಮೊದಲು ಗಾಲಿಯ ನಡುವೆ ನೋಡಿರಿ. ಅಲ್ಲಿ ಸುತ್ತಲೂ ಬೋಲ್ಟು ಬಿಗಿದ ದಪ್ಪ ಬಿಲ್ಲೆಯಿದ್ದರೆ, ಅದು ಒಳಗಿನ ಶಾಫ್ಟಿನ ತಲೆ. ಬೋಲ್ಟು ಬಿಚ್ಚಿ ಶಾಫ್ಟನ್ನು ಹೊರಗೆಳೆಸಿರಿ. ಗಾಲಿ ಬೇರಿಂಗುಗಳ ಮೇಲೆ ಹಾಗೆಯೇ ನಿಂತರೆ ಭಾರ ಹೊರುತ್ತಿರುವುದು ಹೊರಗಿನ ಕೊಳವೆ ಎಂದರ್ಥ. ಟ್ರೇಲರಿಗೆ ಬೇಕಾದುದು ಇದೇ. ಕೆಲವು ಸಣ್ಣ ವಾಹನಗಳಲ್ಲಿ ಶಾಫ್ಟಿನೊಡನೆ ಗಾಲಿಯೂ ಕಳಚಿ ಬರುತ್ತದೆ, ಅಂಥದ್ದು ಬೇಡ.

ಹಬ್ ಕಳಚಿಸಿದಾಗ ಬೇರಿಂಗ್ ಕೂರುವ ಜಾಗ ನೀಲಿಗಟ್ಟಿದ್ದರೆ ಅದು ಕಾದು ಕೆಟ್ಟಿದೆ. ಒಳಗಿನ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕೊಳವೆಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣ ಉಜ್ಜಿರಿ. ಬಿರುಕಿದ್ದಲ್ಲಿ ಒದ್ದೆಗೆರೆ ಮೂಡುತ್ತದೆ. ಬಿರುಕು ಬೆಸೆದ ಆಕ್ಸಲ್ ಎಷ್ಟೇ ಅಗ್ಗವಾಗಿರಲಿ, ಬಿಟ್ಟುಬಿಡಿ. ಕಬ್ಬಿನ ಹೇರಿನೊಡನೆ ಇಳಿಜಾರಿನಲ್ಲಿ ಮುರಿದರೆ ಟ್ರ್ಯಾಕ್ಟರನ್ನೂ ಉರುಳಿಸೀತು.

ಬಿಚ್ಚಿಸುವಾಗ ಲಾರಿಯನ್ನು ಬರೀ ಜ್ಯಾಕಿನ ಮೇಲೆ ನಿಲ್ಲಿಸದೆ, ಚಾಸಿಯ ಕೆಳಗೆ ಮರದ ದಿಮ್ಮಿ ಕೊಡಿಸಿರಿ. ಬ್ರೇಕಿನ ಭಾಗಗಳನ್ನು ಗುಜರಿಯಲ್ಲೇ ಬಿಟ್ಟು ಬರಬೇಡಿ; ಟ್ರೇಲರಿಗೂ ಬ್ರೇಕು ಬೇಕು. ಶಾಫ್ಟು ತೆಗೆದ ಮೇಲೆ ನಡುವಿನ ಎಣ್ಣೆಯನ್ನು ನೆಚ್ಚುವಂತಿಲ್ಲ. ಆದುದರಿಂದ ಬೇರಿಂಗುಗಳಿಗೆ ಗ್ರೀಸ್ ತುಂಬಿ, ಹಬ್ಬಿನ ಬಾಯಿಗೆ ಧೂಳು ಹೋಗದಂತೆ ಮುಚ್ಚಳ ಹಾಕಿಸಿರಿ. ಲಾರಿಯ ನಂಬರು ಬರೆದ ರಸೀದಿ ಪಡೆಯದೆ ಹಣ ಕೊಡಬೇಡಿ.