ಹವ್ಯಾಸಿ ಕಾಲ್ಚೆಂಡು ಲೀಗ್: ಆಟದ ತಾಯಿಬೇರು

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಪಾಠ ಪ್ರವಚನಗಳ ವಿಚಾರವನ್ನು ಅನೇಕರು ಬರೆಯುವರು. ನಾನು ಆಟದ ಬಯಲಿಗೆ ಸಂಬಂಧಿಸಿದ ಒಂದು ವಿಚಾರವನ್ನು ವಾಚಕರ ಮುಂದಿಡಬಯಸುತ್ತೇನೆ. ಹತ್ತನೆಯ ತರಗತಿ ಮುಗಿದೊಡನೆ ಹುಡುಗನ ಆಟವೂ ಮುಗಿಯುವುದು ನಮ್ಮ ಸೀಮೆಯ ವಾಡಿಕೆ. ಹೀಗಾಗಬೇಕಾದುದಿಲ್ಲ. ದುಡಿಯುವ ವಯಸ್ಕರಿಗೂ ಕ್ರಮಬದ್ಧವಾಗಿ ಆಟವನ್ನು ಒದಗಿಸುವ ಏರ್ಪಾಡೊಂದುಂಟು. ಅದೇ ಹವ್ಯಾಸಿ ಕಾಲ್ಚೆಂಡು ಲೀಗ್.

ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿಟ್ಟುಕೊಂಡು ಪ್ರೀತಿಯಿಂದ ಆಡುವವನು ಹವ್ಯಾಸಿ. ಲೀಗ್ ಎಂದರೆ ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡುವ ಪದ್ಧತಿ. ಎಂಟು ತಂಡಗಳ ನಾಕೌಟ್ ಪಂದ್ಯಾವಳಿಯಲ್ಲಿ ನಡೆಯುವುದು ಒಟ್ಟು 7 ಪಂದ್ಯಗಳು ಮಾತ್ರ. ಮೊದಲ ಸುತ್ತಿನಲ್ಲಿಯೇ ನಾಲ್ಕು ತಂಡಗಳು ಮನೆಯ ಹಾದಿ ಹಿಡಿಯುತ್ತವೆ. ಅದೇ ಎಂಟು ತಂಡಗಳು ಲೀಗ್ ಆಡಿದರೆ 28 ಪಂದ್ಯಗಳಾಗುತ್ತವೆ. ಪ್ರತಿ ತಂಡಕ್ಕೂ 7 ಪಂದ್ಯಗಳು ದೊರೆಯುತ್ತವೆ. ಗೆದ್ದರೆ 3 ಅಂಕ, ಸಮವಾದರೆ 1 ಅಂಕ. ಸೋತವನಿಗೂ ಮುಂದಿನ ವಾರ ಮತ್ತೊಂದು ಅವಕಾಶ. ಕಲಿಯುವವನಿಗೆ ಬೇಕಾದುದು ಇದೇ.

ಇಂಗ್ಲೆಂಡಿನಲ್ಲಿ 1863ರಲ್ಲಿ ಫುಟ್ಬಾಲ್ ಸಂಘ ಸ್ಥಾಪನೆಯಾದಾಗ ಆಟವೆಲ್ಲ ಹವ್ಯಾಸಿಗಳದೇ ಆಗಿತ್ತು. ಹಣ ಪಡೆದು ಆಡುವುದಕ್ಕೆ ಅಲ್ಲಿ ಒಪ್ಪಿಗೆ ದೊರೆತುದು 1885ರಲ್ಲಿ. 1974ರಲ್ಲಿ ಆ ಸಂಘವು ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನೇ ತೆಗೆದುಹಾಕಿತು. ಆದರೂ ರವಿವಾರದ ಬಯಲುಗಳಲ್ಲಿ ಸಾಮಾನ್ಯರ ಲೀಗುಗಳು ನಿಂತಿಲ್ಲ.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಹೈದರಾಬಾದನ್ನೇ ನೋಡಿರಿ. ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. 1940ರ ದಶಕದಲ್ಲಿ ಅವರು ಹೈದರಾಬಾದ್ ಫುಟ್ಬಾಲ್ ಸಂಘದ ಕಾರ್ಯದರ್ಶಿಗಳಾಗಿ ಸ್ಥಳೀಯ ಆಟಕ್ಕೆ ಶಿಸ್ತನ್ನು ತಂದರು. ಚೆಂಡನ್ನು ಒಬ್ಬನೇ ಕಾಲಲ್ಲಿಟ್ಟುಕೊಂಡು ಓಡದೆ ಜೊತೆಗಾರನಿಗೆ ದಾಟಿಸಬೇಕೆಂಬ ನಿಯಮದ ಪಂದ್ಯಾವಳಿಗಳನ್ನೂ ನಡೆಸಿದರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ಪನ್ನು ಗೆದ್ದಿತು. ಆ ಆಟಗಾರರು ಪೊಲೀಸ್ ಇಲಾಖೆಯ ನೌಕರರು. ರಹೀಮರ ಮಾರ್ಗದರ್ಶನದಲ್ಲಿ ಭಾರತವು 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನು, 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಉಪಾಧ್ಯಾಯ ವೃತ್ತಿಯಲ್ಲಿದ್ದ ನನಗೆ ಇದು ಹೆಮ್ಮೆಯ ಸಂಗತಿ.

ಕನ್ನಡ ನಾಡಿನ ಕಥೆಯೂ ಇಂಥದೇ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡವು ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನ ಜಿಲ್ಲಾ ಸಂಘವು ಸೂಪರ್, ಎ, ಬಿ, ಸಿ ಎಂದು ಶ್ರೇಣಿಗಳನ್ನು ಮಾಡಿ ಲೀಗ್ ನಡೆಸುತ್ತ ಬಂದಿದೆ. ಚೆನ್ನಾಗಿ ಆಡಿದ ತಂಡ ಮೇಲಕ್ಕೇರುತ್ತದೆ, ಹಿಂದುಳಿದುದು ಕೆಳಗಿಳಿಯುತ್ತದೆ. ಶಾಲೆಯಲ್ಲಿ ತರಗತಿಯಿಂದ ತರಗತಿಗೆ ತೇರ್ಗಡೆಯಾದಂತೆಯೇ ಇದು. 2023ರಲ್ಲಿ ಕರ್ನಾಟಕವು 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದುದರ ಹಿಂದೆ ಇಂಥ ಸ್ಥಳೀಯ ಕ್ಲಬ್ಬುಗಳ ದುಡಿಮೆಯಿದೆ.

ಈಗ ಹಣವುಳ್ಳ ವೃತ್ತಿಪರ ತಂಡಗಳಿವೆಯಲ್ಲ ಎನ್ನಬಹುದು. ಇಂಡಿಯನ್ ಸೂಪರ್ ಲೀಗಿನಲ್ಲಿ 2022ರಲ್ಲಿ ವಿಜೇತವಾದ ಹೈದರಾಬಾದಿನ ತಂಡವು 2025ರಲ್ಲಿ ಕೈ ಬದಲಾಗಿ ದಿಲ್ಲಿಯ ಪಾಲಾಯಿತು. ಹಣದಿಂದ ಬಂದುದು ಹಣದೊಡನೆ ಹೋಗಬಹುದು. ಊರವರೇ ಕಟ್ಟಿದ ಲೀಗು ಊರಲ್ಲಿಯೇ ಉಳಿಯುತ್ತದೆ.

ನಮ್ಮ ತರುಣರು ದುಡಿಮೆಯನ್ನರಸಿ ಹೈದರಾಬಾದು, ಮುಂಬಯಿಗಳಿಗೆ ಹೋಗುವವರು. ಊರಲ್ಲಿದ್ದಾಗ ಅವರನ್ನು ಒಂದುಗೂಡಿಸುವ ಕಾರ್ಯವೊಂದು ಬೇಕು. ಉಟ್ಕೂರು, ಮಕ್ತಲ್, ನಾರಾಯಣಪೇಟೆ, ಕೃಷ್ಣಾ, ಗದ್ವಾಲ ಮೊದಲಾದ ಊರುಗಳಿಂದ ಎಂಟು ತಂಡಗಳು ಕೂಡಿದರೆ ಸಾಕು. ರವಿವಾರಕ್ಕೆ ನಾಲ್ಕು ಪಂದ್ಯಗಳಂತೆ ಏಳು ರವಿವಾರಗಳಲ್ಲಿ ಲೀಗು ಪೂರ್ಣವಾಗುವುದು. ಬೇಕಾದುದು ಶಾಲೆಯ ಬಯಲು, ಚೆಂಡು, ಗೋಲುಕಂಬಗಳು, ನಿಷ್ಪಕ್ಷಪಾತಿಯಾದ ರೆಫರಿ, ಅಂಕಗಳನ್ನು ಬರೆದಿಡಲು ಒಂದು ದಫ್ತರು. ಕನ್ನಡ, ತೆಲುಗು, ಉರ್ದು ಆಡುವ ಮಕ್ಕಳು ಒಂದೇ ತಂಡದಲ್ಲಿ ಬೆರೆತು ಆಡುವುದಕ್ಕಿಂತ ಮಿಗಿಲಾದ ಪಾಠ ಗಡಿನಾಡಿನವರಾದ ನಮಗೆ ಬೇರಾವುದಿದೆ?

ಹಳೆಯ ವಿದ್ಯಾರ್ಥಿಗಳು ಈ ಮಹೋತ್ಸವದ ನೆನಪಿಗಾಗಿ ಇದನ್ನು ಕೈಗೊಳ್ಳಲಿ ಎಂದು ಹಾರೈಸುತ್ತೇನೆ.